ಸಂಪಾದಕರ ಉತ್ತರ: ಹದಿಮೂರರ ಪಾತ್ರ, ಹತ್ತೊಂಬತ್ತರ ಹುಡುಗಿ

ಶಿರಸಿಯಿಂದ ಒಂದು ಪತ್ರ (ಹೆಸರು ಪ್ರಕಟಿಸಬೇಡಿ ಎಂದಿದ್ದಾರೆ):

"ನಾನು ಬಿ.ಎ. ಎರಡನೆಯ ವರ್ಷದ ವಿದ್ಯಾರ್ಥಿನಿ, ಹತ್ತೊಂಬತ್ತು ವರ್ಷ. ಯುವಜನೋತ್ಸವಕ್ಕೆಂದು ನಮ್ಮ ಕಾಲೇಜು ಏಕಾಂಕ ನಾಟಕ ಸಿದ್ಧಪಡಿಸುತ್ತಿದೆ. ನೃತ್ಯಸ್ಪರ್ಧೆಗೆ ತಯಾರಾಗುವ ಹದಿಮೂರು ವರ್ಷದ ಹುಡುಗಿಯರ ಕಥೆ. ಆಡಿಷನ್ನಿಗೆ ನಲವತ್ತು ಜನ ಬಂದಿದ್ದೆವು. ಮೊದಲಿಗೇ ಹಾಡು ಹಾಕಿ ಎಲ್ಲರನ್ನೂ ಕುಣಿಸಿದರು, ಹೆಜ್ಜೆ ತಪ್ಪಿದವರನ್ನು ಹೊರಗೆ ಕಳಿಸಿದರು. 'ನೀನು ಹದಿಮೂರರವಳ ಹಾಗೆ ಕಾಣುವುದಿಲ್ಲ' ಎಂದರು. ಒಂದು ಸಾಲು ಮಾತನ್ನೂ ಓದಿಸಲಿಲ್ಲ. ಮುಖ್ಯ ಪಾತ್ರ ಸಿಕ್ಕಿದ್ದು ಚಿಕ್ಕಂದಿನಿಂದ ಶೀಲ್ಡ್ ಗೆಲ್ಲುತ್ತ ಬಂದ ಹುಡುಗಿಗೆ. ಅವಳು ಬೊಂಬೆಯ ಹಾಗೆ, ಮಾತೇ ಬರುವುದಿಲ್ಲ. ಮೂರು ತಿಂಗಳ ಡಾನ್ಸ್ ಕ್ಲಾಸಿಗೆ ಸೇರಲೇ ಎಂದು ಯೋಚಿಸುತ್ತಿದ್ದೇನೆ. ಏಳನೆಯ ತರಗತಿಯ ಗ್ಯಾದರಿಂಗಿನಲ್ಲಿ ಕುಣಿಯುವಾಗ ನನ್ನ ಗೆಜ್ಜೆ ಕಳಚಿ ಬಿದ್ದಿತ್ತು. ಆಮೇಲೆ ನಾನು ವೇದಿಕೆ ಹತ್ತಿದವಳಲ್ಲ."

ತಂಗಿ,

ನಿಮ್ಮ ಪತ್ರವನ್ನು ಮೊದಲ ಸಲ ಓದಿದಾಗ ನಿಮ್ಮ ಪರವಾಗಿ ಸಿಟ್ಟು ಬಂತು. ಎರಡನೆಯ ಸಲ ಓದಿದಾಗ ನಿಮ್ಮ ಮೇಲೂ ಸ್ವಲ್ಪ ಬಂತು. ಎರಡನ್ನೂ ಹೇಳುತ್ತೇನೆ.

ನಿಮ್ಮ ನಿರ್ದೇಶಕರ ಕಷ್ಟ ನನಗೆ ಅರ್ಥವಾಗುತ್ತದೆ. ನಲವತ್ತು ಜನ, ಒಂದೇ ಮಧ್ಯಾಹ್ನ, ಮುಂದೆ ಪರೀಕ್ಷೆಗಳು. ಕುಣಿತವಿರುವ ನಾಟಕಕ್ಕೆ ಕುಣಿಯಬಲ್ಲವರು ನಾಲ್ಕು ಜನ ಬೇಕೇ ಬೇಕು. ಅಷ್ಟನ್ನು ಒಪ್ಪೋಣ.

ಆದರೆ ಮಾತು ಕೇಳುವ ಮೊದಲೇ ಕಾಲು ನೋಡಿ ಮನೆಗೆ ಕಳಿಸಿದರಲ್ಲ, ಅದನ್ನು ನಾನು ಒಪ್ಪಲಾರೆ. ಹದಿಮೂರರ ಹುಡುಗಿ ಎಂದರೆ ಸಣ್ಣ ಸೊಂಟ, ಕೀಚಲು ದನಿ ಎಂದು ಯಾರು ಹೇಳಿದರು? ಹದಿಮೂರು ಎಂದರೆ ಪಾಟೀಚೀಲವನ್ನು ಬೆನ್ನಿನಿಂದ ಎದೆಗೆ ತಂದುಕೊಂಡು ನಡೆಯುವ ವಯಸ್ಸು. ಗೆಳತಿ ಗೆದ್ದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿ, ಮನೆಗೆ ಬಂದು ಬಚ್ಚಲಿನಲ್ಲಿ ನೀರು ಸುರಿದುಕೊಳ್ಳುತ್ತ ಅಳುವ ವಯಸ್ಸು. ಅದನ್ನು ತೋರಿಸಲು ಅದನ್ನು ದಾಟಿ ಬಂದವರೇ ಬೇಕು.

ನಿಮ್ಮ ನಾಟಕಕ್ಕೆ ತೀರ ಹತ್ತಿರದ ವಸ್ತುವಿನ ನಾಟಕವೊಂದು ಅಮೆರಿಕದಲ್ಲಿದೆ. ಕ್ಲೇರ್ ಬ್ಯಾರನ್ ಬರೆದ 'ಡ್ಯಾನ್ಸ್ ನೇಷನ್', 2018ರಲ್ಲಿ ನ್ಯೂಯಾರ್ಕಿನ ರಂಗಕ್ಕೆ ಬಂತು. ಹದಿಮೂರರ ಆಸುಪಾಸಿನ ಮಕ್ಕಳ ತಂಡ, ಒಬ್ಬ ಗುರು, ಗೆಲ್ಲಲೇಬೇಕಾದ ಸ್ಪರ್ಧೆ. ಆ ಮಕ್ಕಳ ಪಾತ್ರಗಳನ್ನು ಬೇರೆ ಬೇರೆ ವಯಸ್ಸಿನ ದೊಡ್ಡವರೇ ಮಾಡಬೇಕೆಂಬುದು ಬರೆದವರ ಅಪೇಕ್ಷೆ. ಅಲ್ಲಿ ತಲೆ ನೆರೆತವರೂ ಹದಿಮೂರರ ಹುಡುಗಿಯಾಗಿ ನಿಂತರು.

ಇದಕ್ಕಾಗಿ ನ್ಯೂಯಾರ್ಕಿನವರೆಗೆ ಹೋಗಬೇಕಾದದ್ದೂ ಇಲ್ಲ. ಘಟ್ಟ ಇಳಿದರೆ ಹೊನ್ನಾವರ. ಆ ಕಡೆಯ ಯಕ್ಷಗಾನ ಕಲಾವಿದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಹುಟ್ಟಿದ್ದು 1933ರಲ್ಲಿ, ತೀರಿಕೊಂಡದ್ದು 2017ರಲ್ಲಿ. ಎಪ್ಪತ್ತು ದಾಟಿದ ಮೇಲಿನ ಅವರ ಭಸ್ಮಾಸುರನನ್ನು ಕೊಯ್ಲಾದ ಗದ್ದೆಯಲ್ಲಿ ಕುಳಿತು ನೋಡಿದವನು ನಾನು. ಮೋಹಿನಿ ಕೈ ಎತ್ತಿದಂತೆ ತಾನೂ ಎತ್ತಬೇಕು, ಅವಳು ತಿರುಗಿದಂತೆ ತಾನೂ ತಿರುಗಬೇಕು. ಆ ಹಿರಿಯರು ಓರೆಗಣ್ಣಿನಿಂದ ಅವಳ ಪಾದ ನೋಡುತ್ತ, ತಪ್ಪಿದರೆ ಎಲ್ಲಿ ನಗುತ್ತಾಳೋ ಎಂದು ತುಟಿ ಕಚ್ಚಿಕೊಳ್ಳುತ್ತ ಹೆಜ್ಜೆ ಹಾಕುವಾಗ, ನನ್ನ ಕಣ್ಣೆದುರಿಗೆ ಹೊಸದಾಗಿ ಕುಣಿತ ಕಲಿಯುವ ಹುಡುಗನಿದ್ದ. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು "ಪಾಪ" ಎಂದರು. ರಾಕ್ಷಸನಿಗೆ! ಚಿಟ್ಟಾಣಿಯವರ ವಯಸ್ಸನ್ನು ಆ ಹೊತ್ತು ಯಾರೂ ಲೆಕ್ಕ ಹಾಕಲಿಲ್ಲ.

ಯಕ್ಷಗಾನದ ಪುಂಡುವೇಷಗಳನ್ನು, ಅಂದರೆ ಎಳೆಯ ವೀರರ ಪಾತ್ರಗಳನ್ನು, ನೋಡಿ. ಅಭಿಮನ್ಯುವಿಗೆ ಹದಿನಾರು ವರ್ಷ. ಅವನ ವೇಷ ಕಟ್ಟುವವರಲ್ಲಿ ಎಷ್ಟೋ ಜನ ಮೂವತ್ತು, ನಲವತ್ತು ದಾಟಿದ ಸಂಸಾರಸ್ಥರು. ಮೇಳದಲ್ಲಿ ಒಂದು ಮಧ್ಯಾಹ್ನದ ಪರೀಕ್ಷೆಯೂ ಇರಲಿಲ್ಲ. ಹುಡುಗ ಮೊದಲು ಕೋಡಂಗಿಯಾಗುತ್ತಿದ್ದ, ಬಾಲಗೋಪಾಲನಾಗುತ್ತಿದ್ದ, ನಿದ್ದೆಗಣ್ಣಿನಲ್ಲಿ ಕುಣಿದು ಚೌಕಿಯ (ಬಣ್ಣದ ಮನೆಯ) ಮೂಲೆಯಲ್ಲಿ ಮಲಗುತ್ತಿದ್ದ. ಹಾಡಿ ಆಟ ನಡೆಸುವ ಭಾಗವತರು ಅವನನ್ನು ವರ್ಷಗಟ್ಟಲೆ ನೋಡುತ್ತಿದ್ದರು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳ ತೊಂಬತ್ತು ವರ್ಷ ದಾಟಿ ನಡೆದಿರುವುದು ಇಂಥ ಸಹನೆಯಿಂದ. ಆ ಮೇಳಗಳ ಬಾಗಿಲು ನಿಮ್ಮಂಥ ಹೆಣ್ಣುಮಕ್ಕಳಿಗೆ ಬಹಳ ಕಾಲ ಮುಚ್ಚಿಯೇ ಇತ್ತು ಎಂಬುದನ್ನು ಮರೆತಿಲ್ಲ. ಅದು ತಪ್ಪೇ. ಕಾಲೇಜಿನ ರಂಗ ಆ ಬಾಗಿಲನ್ನು ತೆರೆಯಬೇಕಾಗಿತ್ತು. ತೆರೆದು, ಹೊಸ್ತಿಲಲ್ಲಿ ಅಳತೆಪಟ್ಟಿ ಹಿಡಿದು ನಿಂತಿದೆ.

ನಮ್ಮ ಕಚೇರಿಯಿಂದ ಕಡಲಿಗೆ ಹತ್ತು ನಿಮಿಷದ ನಡಿಗೆ. ಆ ತೀರಕ್ಕೆ ಈಗ ರವೀಂದ್ರನಾಥ ಠಾಗೋರರ ಹೆಸರು. ಅವರ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ, ತಮ್ಮನಾದ ರವೀಂದ್ರನಾಥರು ಇಲ್ಲಿಗೆ ಬಂದು ಒಂದು ನಾಟಕ ಬರೆದರು. ಎಲ್ಲ ಬಂಧಗಳನ್ನೂ ಕಡಿದುಕೊಂಡೆನೆಂದು ನಂಬಿದ ಸನ್ಯಾಸಿ, ಅವನನ್ನು ಲೋಕಕ್ಕೆ ಮರಳಿ ಎಳೆಯುವ ಅನಾಥ ಹುಡುಗಿ. ಬರೆದವರಿಗೆ ಆಗ ಇಪ್ಪತ್ತೆರಡು. ನಿಮಗಿಂತ ಮೂರೇ ವರ್ಷ ದೊಡ್ಡವರು. ಸನ್ಯಾಸಿಯ ಒಳಮನಸ್ಸು ನಿನಗೆ ಹೇಗೆ ಗೊತ್ತು, ಗಡ್ಡ ಬೆಳೆಸಿಕೊಂಡು ಬಾ ಎಂದು ಯಾರಾದರೂ ಬಾಗಿಲಲ್ಲೇ ತಡೆದಿದ್ದರೆ?

ಈಗ ನಿಮ್ಮ ಮೇಲಿನ ಸಿಟ್ಟು. ಆ ಹುಡುಗಿಯನ್ನು ಬೊಂಬೆ ಎಂದಿರಿ. ಅದು ಬೇಡಿತ್ತು.

ಹಲವು ವರ್ಷಗಳ ಹಿಂದೆ ಕರಾವಳಿಯ ಒಂದು ಊರಿನಲ್ಲಿ ಮಕ್ಕಳ ನೃತ್ಯಸ್ಪರ್ಧೆಗೆ ನನ್ನನ್ನು ತೀರ್ಪುಗಾರನನ್ನಾಗಿ ಕರೆದಿದ್ದರು. ಮೂರು ಕುರ್ಚಿ, ಮೂರು ನೀರಿನ ಬಾಟಲಿ, ಒಂದು ಅಂಕಪಟ್ಟಿ: ತಾಳಕ್ಕೆ ಹತ್ತು, ಭಾವಕ್ಕೆ ಹತ್ತು, ವೇಷಭೂಷಣಕ್ಕೆ ಹತ್ತು. ಹನ್ನೆರಡು ಹದಿಮೂರರ ಹುಡುಗಿಯೊಬ್ಬಳು ಕೃಷ್ಣನನ್ನು ಹುಡುಕುವ ಯಶೋದೆಯಾಗಿ ಕುಣಿದಳು. ಅಂಗೈ ಹುಬ್ಬಿನ ಮೇಲೆ, ನೋಟ ದೂರಕ್ಕೆ. ಆದರೆ ಆ ನೋಟ ಹುಡುಕುತ್ತಿದ್ದದ್ದು ನಮ್ಮ ಪೆನ್ನುಗಳ ತುದಿಯನ್ನು. ನಾನು ಬರೆಯಲು ಬಗ್ಗಿದಾಗ ಅವಳ ನಗು ಆರಿತು, ತಲೆ ಎತ್ತಿದಾಗ ಮತ್ತೆ ಹೊತ್ತಿಕೊಂಡಿತು. ಭಾವಕ್ಕೆ ಆರು ಅಂಕ ಕೊಟ್ಟೆ. ಮುಗಿಸಿ ಹೊರಗೆ ಬಂದರೆ, ಅವಳು ನಿಲ್ಲಿಸಿದ್ದ ಸ್ಕೂಟರಿನ ಮೇಲೆ ಕುಳಿತು ಜಡೆಯ ಪಿನ್ನುಗಳನ್ನು ಒಂದೊಂದಾಗಿ ಕಿತ್ತು ಅಮ್ಮನ ಅಂಗೈಗೆ ಹಾಕುತ್ತಿದ್ದಳು. ಇಬ್ಬರೂ ಮಾತನಾಡುತ್ತಿರಲಿಲ್ಲ. ಅಂದಿನಿಂದ ಮಕ್ಕಳ ಸ್ಪರ್ಧೆಯ ತೀರ್ಪಿನ ಕುರ್ಚಿಯಲ್ಲಿ ನಾನು ಕುಳಿತಿಲ್ಲ.

ನಿಮ್ಮ ಕಾಲೇಜಿನ ಶೀಲ್ಡಿನ ಹುಡುಗಿಯೂ ಇಂಥ ಹತ್ತಾರು ಕುರ್ಚಿಗಳ ಮುಂದೆ ಬೆಳೆದವಳು. ಅವಳಿಗೆ ಮಾತು ಬರುವುದಿಲ್ಲ ಎಂದರೆ, ಇಷ್ಟು ವರ್ಷ ಅವಳ ಮಾತು ಯಾರಿಗೂ ಬೇಕಾಗಿರಲಿಲ್ಲ ಎಂದರ್ಥ. ಈ ನಾಟಕ ಅವಳದೇ ಕಥೆ. ಅವಳ ಪಕ್ಕದಲ್ಲಿ ಕುಳಿತು ಸಂಭಾಷಣೆ ಓದಿಸಿ, ನಿಮ್ಮಿಬ್ಬರಿಗೂ ಒಳ್ಳೆಯದಾದೀತು.

ಎಲ್ಲದಕ್ಕಿಂತ ನೋಯಿಸಿದ್ದು ಬೇರೆ ಸಂಗತಿ. ಸ್ಪರ್ಧೆ ಮಕ್ಕಳನ್ನು ಹೇಗೆ ಹಿಂಡುತ್ತದೆ ಎಂದು ತೋರಿಸುವ ನಾಟಕವನ್ನೇ ಸ್ಪರ್ಧೆಗೆ ಕಳಿಸಲು ಆರಿಸಿ, ಅದಕ್ಕೆ ಪಾತ್ರಧಾರಿಗಳನ್ನೂ ಸ್ಪರ್ಧೆಯಿಂದಲೇ ಆಯುತ್ತಿದ್ದಾರೆ. ನಮ್ಮಲ್ಲಿ ಈಗ ಸ್ಪರ್ಧೆಯಿಲ್ಲದೆ ಏನು ಉಳಿದಿದೆ ಹೇಳಿ? ರಂಗೋಲಿಗೆ ಸ್ಪರ್ಧೆ, ಭಜನೆಗೆ ಸ್ಪರ್ಧೆ, ಕೃಷ್ಣನ ವೇಷ ಹಾಕಿದ ಎರಡು ವರ್ಷದ ಕೂಸಿಗೂ ಸ್ಪರ್ಧೆ. ಟೀವಿಯಲ್ಲಿ ಆರು ವರ್ಷದ ಮಗುವನ್ನು ದೀಪಗಳ ನಡುವೆ ನಿಲ್ಲಿಸಿ, ಅದು ಹೊರಬೀಳುವ ಗಳಿಗೆಯ ಕಣ್ಣೀರನ್ನು ಹತ್ತಿರದಿಂದ ತೋರಿಸುತ್ತಾರೆ. ಮನೆಮಂದಿ ಊಟ ಮಾಡುತ್ತ ನೋಡುತ್ತೇವೆ. ಅಂಕೋಲೆಯ ಕಡೆ ಹಾಲಕ್ಕಿ ಸಮುದಾಯದವರ ಸುಗ್ಗಿ ಕುಣಿತದ ತಂಡ ಮನೆಯಂಗಳಕ್ಕೆ ಬಂದಾಗ ನೋಡಿದ್ದೀರಾ? ತುರಾಯಿ ಕಟ್ಟಿದ ಹಿರಿಯರ ಸಾಲಿನ ಕೊನೆಯಲ್ಲಿ ಒಂದೆರಡು ಹುಡುಗರು ಗುಮಟೆ ವಾದ್ಯದ ತಾಳಕ್ಕೆ ಅರ್ಧ ಹೆಜ್ಜೆ ಹಿಂದೆ ಬಿದ್ದು ಕುಣಿಯುತ್ತಿರುತ್ತಾರೆ. ಅವರನ್ನು ಯಾರೂ ಸಾಲಿನಿಂದ ತೆಗೆಯುವುದಿಲ್ಲ. ನಮ್ಮ ಶಾಲೆಯ ಗ್ಯಾದರಿಂಗಿನಲ್ಲೂ ಹಾಗೆಯೇ ಇತ್ತು. ಮಾತು ಬಾರದವನಿಗೆ ಭರ್ಜಿ, ನಿಲ್ಲಲು ಬಾರದವನಿಗೆ ಮರದ ಕೊಂಬೆ, ಎಲ್ಲರ ಮುಖಕ್ಕೂ ಬಣ್ಣ. ಆ ಬಣ್ಣವನ್ನು ಮರುದಿನವೂ ಪೂರ್ತಿ ತೊಳೆಯದೆ ಶಾಲೆಗೆ ಹೋಗುತ್ತಿದ್ದೆವು.

ಡಾನ್ಸ್ ಕ್ಲಾಸಿಗೆ ಸೇರಲೇ ಎಂದು ಕೇಳಿದ್ದೀರಿ. ಕುಣಿಯುವ ಆಸೆಯಿದ್ದರೆ ಖಂಡಿತ ಸೇರಿ. ಹೊರಗೆ ಕಳಿಸಿದರೆಂಬ ಅವಮಾನಕ್ಕೆ ಸೇರುವುದಾದರೆ ಅಪ್ಪನ ದುಡ್ಡನ್ನು ಹಾಳು ಮಾಡಬೇಡಿ. ಅದರ ಬದಲು ನಾಳೆ ತಾಲೀಮಿನ ಹೊತ್ತಿಗೆ ಹೋಗಿ, ಮಾತು ಮರೆತವರಿಗೆ ಪ್ರಾಂಪ್ಟ್ ಮಾಡುತ್ತೇನೆ ಎಂದು ಹೇಳಿ ಒಳಗೆ ಕುಳಿತುಕೊಳ್ಳಿ. ಬೇಡವೆನ್ನುವ ನಿರ್ದೇಶಕರನ್ನು ನಾನು ಇನ್ನೂ ಕಂಡಿಲ್ಲ. ಬಿಡುವು ಸಿಕ್ಕಾಗ ನಿಮ್ಮ ಪತ್ರದ ಕೊನೆಯ ಎರಡು ಸಾಲನ್ನು ಅವರಿಗೆ ಹೇಳಿ. ಏಳನೆಯ ತರಗತಿ, ಗ್ಯಾದರಿಂಗು, ಕಳಚಿ ಬಿದ್ದ ಗೆಜ್ಜೆ. ಆ ಹುಡುಗಿಯನ್ನೇ ಅವರು ನಲವತ್ತು ಜನರಲ್ಲಿ ಹುಡುಕುತ್ತಿದ್ದದ್ದು, ಕಾಲು ನೋಡುವ ಭರದಲ್ಲಿ ತಪ್ಪಿಸಿಕೊಂಡರು. ಗೆಜ್ಜೆ ಬಿದ್ದ ಮೇಲೆ ನೀವು ಕುಣಿತ ನಿಲ್ಲಿಸಿದಿರೋ, ಒಂದೇ ಗೆಜ್ಜೆಯಲ್ಲಿ ಮುಗಿಸಿದಿರೋ, ಬಿದ್ದದ್ದನ್ನು ಯಾರು ಎತ್ತಿಕೊಟ್ಟರು, ನನಗೆ ಬರೆದಿಲ್ಲ. ಅವರಿಗೆ ಅದನ್ನೂ ಹೇಳಿ.