ಆ ಕಾಲರನ್ನು ತೊಳೆದವರಿಗೆ ಮೊದಲು ಹೇಳಿ

ಪ್ರಶ್ನೆ: ನನಗೆ 51 ವರ್ಷ. ಹದಿನೆಂಟು ವರ್ಷಗಳಿಂದ ಸಣ್ಣ ಹೊಲಿಗೆ ಘಟಕ ನಡೆಸುತ್ತಿದ್ದೇನೆ, ಆರು ಜನ ಕೆಲಸಕ್ಕಿದ್ದಾರೆ. ಅಂಡಾಶಯದ ಕ್ಯಾನ್ಸರ್ ನಾಲ್ಕನೇ ಹಂತದಲ್ಲಿದೆ, ಯಕೃತ್ತಿಗೂ ಹರಡಿದೆ. ಮೂರು ವಾರಕ್ಕೊಮ್ಮೆ ಪ್ಯಾಕ್ಲಿಟ್ಯಾಕ್ಸೆಲ್ ಮತ್ತು ಕಾರ್ಬೊಪ್ಲಾಟಿನ್ ಎಂಬ ಕಿಮೊ ಔಷಧಗಳನ್ನು ಕೊಡುತ್ತಾರೆ, ನಾಲ್ಕು ಸೈಕಲ್ ಮುಗಿದಿವೆ. ಕೆಲಸದವರಿಗೆ ಹೊಟ್ಟೆಯ ತೊಂದರೆ ಎಂದಷ್ಟೇ ಹೇಳಿ, ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಹೋಗುತ್ತಿದ್ದೇನೆ. ಈಗ ಶಾಲಾ ಸಮವಸ್ತ್ರದ ಒಂದು ವರ್ಷದ ಆರ್ಡರ್ ಬಂದಿದೆ. ಬಾಗಿಲು ಹಾಕಿ ಮನೆಯಲ್ಲಿರು ಎಂದು ಮಗ ಹಟ ಹಿಡಿದಿದ್ದಾನೆ. ನಿಜ ಹೇಳಿದರೆ ಕೆಲಸದವರು ಬೇರೆ ಕಡೆ ನೋಡಿಕೊಳ್ಳುತ್ತಾರೆ, ಗಿರಾಕಿಗಳು ಅಯ್ಯೋ ಪಾಪ ಎಂದು ದೂರ ಸರಿಯುತ್ತಾರೆ ಎಂಬ ಭಯ. ಕಳೆದ ವಾರ ಬೆರಳಿಗೆ ಸೂಜಿ ಚುಚ್ಚಿದ್ದು ಗೊತ್ತೇ ಆಗಲಿಲ್ಲ, ಬಿಳಿ ಕಾಲರಿನ ಮೇಲೆ ರಕ್ತ ಕಂಡಾಗಲೇ ತಿಳಿದದ್ದು. ನಮ್ಮ ಹಿರಿಯ ಕೆಲಸಗಾರ್ತಿ ಏನೂ ಕೇಳದೆ ಅದನ್ನು ತಣ್ಣೀರಿನಲ್ಲಿ ತೊಳೆದು ತಂದಿಟ್ಟರು. ಆರ್ಡರ್ ಒಪ್ಪಿಕೊಳ್ಳಲೇ? ಇವರಿಗೆಲ್ಲ ಹೇಳಲೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡು ಸಲವೂ ಮನಸ್ಸು ನಿಂತದ್ದು ಆ ಕಾಲರಿನ ಹತ್ತಿರ. ಏನೂ ಕೇಳದೆ ತೊಳೆದು ತಂದಿಟ್ಟರಲ್ಲ, ಅವರಿಗೆ ಗೊತ್ತಿದೆ ತಾಯಿ. ಕೂದಲು ಉದುರಿದ್ದನ್ನು ಸ್ಕಾರ್ಫ್ ಮುಚ್ಚಬಹುದು, ಮೂರು ವಾರಕ್ಕೊಮ್ಮೆ ನೀವು ಕಾಣೆಯಾಗುವುದನ್ನು ಏನು ಮುಚ್ಚುತ್ತದೆ? ಅವರು ಊಹಿಸಿದ್ದಾರೆ, ನೀವಾಗಿ ಹೇಳಲಿ ಎಂದು ಕಾಯುತ್ತಿದ್ದಾರೆ. ಕೆಲಸದವರು ಬೇರೆ ಕಡೆ ನೋಡಿಕೊಳ್ಳುವುದು ಹೆಚ್ಚಾಗಿ ಇಂಥ ಊಹೆಯ ದಿನಗಳಲ್ಲಿಯೇ. ನಾಳೆಯ ಸಂಬಳ ಬರುತ್ತದೋ ಇಲ್ಲವೋ ಎಂದು ಒಳಗೊಳಗೇ ಲೆಕ್ಕ ಹಾಕುವುದಕ್ಕಿಂತ ಒಂದು ಕಷ್ಟದ ನಿಜವನ್ನು ಕೇಳಿಸಿಕೊಳ್ಳುವುದು ಅವರಿಗೂ ಸುಲಭ. ಗಿರಾಕಿಗಳ ವಿಷಯ ಬೇರೆ. ಬಟ್ಟೆ ಯಾವ ದಿನ ಸಿಗುತ್ತದೆ, ಯಾರ ಹತ್ತಿರ ಮಾತನಾಡಬೇಕು ಎಂಬುದಷ್ಟು ಅವರಿಗೆ ಸಾಕು. ಆದರೆ ವರ್ಷದ ಆರ್ಡರ್ ಕೊಡುವವರಿಗೆ ನಿಮ್ಮ ಪರವಾಗಿ ಹೊಣೆ ಹೊರುವವರು ಯಾರೆಂಬುದು ಮೊದಲೇ ತಿಳಿದಿರಬೇಕು.

ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಬೆರಳಿನ ಸ್ಪರ್ಶ ಹೋಗಿರುವುದನ್ನು ವೈದ್ಯರಿಗೆ ಹೇಳಿದ್ದೀರಾ? ಪತ್ರದಲ್ಲಿ ಅದಿಲ್ಲ. ಪ್ಯಾಕ್ಲಿಟ್ಯಾಕ್ಸೆಲ್ ನರಗಳ ತುದಿಗೆ ಪೆಟ್ಟು ಕೊಡುತ್ತದೆ. ಬೆರಳು, ಪಾದ ಜೋಮು ಹಿಡಿದಂತಾಗುವುದು ಅದರಿಂದಲೇ, ಕೆಲವರಲ್ಲಿ ಅದು ಹಾಗೆಯೇ ಉಳಿದುಬಿಡುತ್ತದೆ. ಬೇಗ ತಿಳಿದರೆ ಡೋಸ್ ಕಡಿಮೆ ಮಾಡುವ, ಔಷಧ ಬದಲಿಸುವ ದಾರಿ ವೈದ್ಯರಿಗಿರುತ್ತದೆ. ಚಿಕಿತ್ಸೆ ನಿಲ್ಲಿಸಿಬಿಡುತ್ತಾರೆಂದು ಹೆದರಿ ಇಂಥದ್ದನ್ನು ನುಂಗಿಕೊಳ್ಳುವವರನ್ನು ನಾನು ಬಹಳ ನೋಡಿದ್ದೇನೆ, ದಯವಿಟ್ಟು ನೀವು ಹಾಗೆ ಮಾಡಬೇಡಿ. ಅಲ್ಲಿಯವರೆಗೆ ಸೂಜಿ, ಕತ್ತರಿ ನಿಮ್ಮ ಕೈಗೆ ಬೇಡ. ಕಿಮೊ ಆದ ಏಳರಿಂದ ಹದಿನಾಲ್ಕು ದಿನಗಳ ನಡುವೆ ಬಿಳಿ ರಕ್ತಕಣಗಳು ತೀರಾ ಇಳಿದಿರುತ್ತವೆ, ಆಗ ಒಂದು ಸಣ್ಣ ಚುಚ್ಚು ಗಾಯವೂ ಸೋಂಕಿಗೆ ಬಾಗಿಲು. ಮೈ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಮಾತ್ರೆ ನುಂಗಿ ಬೆಳಗಾಗಲೆಂದು ಕಾಯಬೇಡಿ, ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೋಗಿ.

ಒಂದು ಕಿಮೊದಿಂದ ಮುಂದಿನದರವರೆಗಿನ ಆ 21 ದಿನಗಳನ್ನೇ ಕ್ಯಾಲೆಂಡರ್ ಮಾಡಿಕೊಳ್ಳಿ. ಮೊದಲ ಎರಡು ಮೂರು ದಿನ ಕಿಮೊ ಜೊತೆ ಕೊಡುವ ಸ್ಟೀರಾಯ್ಡ್ ನಿದ್ದೆಗೆಡಿಸಿ, ಎಲ್ಲವನ್ನೂ ಮಾಡಬಲ್ಲೆ ಎಂಬ ಹುರುಪು ತರಬಹುದು. ಆ ಹುರುಪಿನಲ್ಲಿ ಯಾರಿಗೂ ಮಾತು ಕೊಡಬೇಡಿ, ಅದರ ಹಿಂದೆಯೇ ಸುಸ್ತು ಬರುತ್ತದೆ. ಲೆಕ್ಕಪತ್ರ, ದರ ಮಾತುಕತೆ, ಸಹಿ ಎಲ್ಲ ಮೂರನೇ ವಾರಕ್ಕಿರಲಿ.

ಆರ್ಡರ್ ಬಗ್ಗೆ ನನ್ನ ಅಭಿಪ್ರಾಯ ಇದು. ನಿಮ್ಮ ಕೈ ಸೋಕದೆ ಅದು ಮುಗಿಯುವುದಾದರೆ ಒಪ್ಪಿಕೊಳ್ಳಿ, ಇಲ್ಲದಿದ್ದರೆ ಬಿಡಿ. ತಿಳಿಯುವುದು ಹೇಗೆಂದರೆ, ಮುಂದಿನ ಸೈಕಲ್‌ನಲ್ಲಿ ಎರಡು ವಾರ ಘಟಕಕ್ಕೆ ಹೋಗಲೇಬೇಡಿ. ಕಟಿಂಗ್, ಬಟವಾಡೆ, ದೂರವಾಣಿ ಎಲ್ಲವೂ ಆ ಹಿರಿಯರ ಕೈಯಲ್ಲಿರಲಿ. ಮೂರನೇ ವಾರ ಹೋಗಿ ನೋಡಿದರೆ ಉತ್ತರ ಕಣ್ಣೆದುರಿಗೇ ಇರುತ್ತದೆ. ವರ್ಷದ ಬದಲು ಆರು ತಿಂಗಳ ಕರಾರು ಕೇಳಲೂ ಹಿಂಜರಿಯಬೇಡಿ.

ಮಗನ ಮಾತನ್ನು ತಳ್ಳಿಹಾಕಬೇಡಿ. ಬಾಗಿಲು ಹಾಕು ಎನ್ನುವಾಗ ಅವನು ಕೇಳುತ್ತಿರುವುದು ನಿಮ್ಮನ್ನು. ವಾರದಲ್ಲಿ ಒಂದು ದಿನ ಫೋನ್ ಆರಿಸಿ ಅವನೊಂದಿಗಿರಿ. ಮುಂದಿನ ಭೇಟಿಗೆ ವೈದ್ಯರ ಬಳಿ ಕರೆದುಕೊಂಡು ಹೋಗಿ, ‘ಮುಂದಿನ ಆರು ತಿಂಗಳ ಯೋಜನೆ ಹಾಕಬೇಕಿದೆ, ನಾನು ಹೇಗಿರುತ್ತೇನೆಂದು ನಿಮ್ಮ ಅಂದಾಜು?’ ಎಂದು ಅವನ ಎದುರಿಗೇ ಕೇಳಿ. ಉಪಶಾಮಕ ಆರೈಕೆಯವರನ್ನೂ, ಅಂದರೆ ನೋವು, ಸಂಕಟ ತಗ್ಗಿಸಲು ನೆರವಾಗುವವರನ್ನೂ, ಈಗಲೇ ಕಾಣಿರಿ. ಹೆಸರು ಕೇಳಿ ಬೆಚ್ಚಬೇಡಿ, ಕಿಮೊ ನಡೆಯುತ್ತಿರುವಾಗಲೇ ಅವರ ನೆರವು ಪಡೆಯಬಹುದು. ಹರಡಿದ ಶ್ವಾಸಕೋಶದ ಕ್ಯಾನ್ಸರ್ ಇದ್ದ 151 ಜನರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ಮೊದಲಿನಿಂದಲೇ ಈ ಆರೈಕೆ ಪಡೆದವರ ದಿನಗಳು ಹೆಚ್ಚು ನೆಮ್ಮದಿಯಿಂದ ಕಳೆದವು, ಖಿನ್ನತೆಯೂ ಕಡಿಮೆಯಿತ್ತು. ನಿಮ್ಮದು ಬೇರೆ ಕ್ಯಾನ್ಸರ್, ಆದರೂ ನೋವು, ನಿದ್ದೆ, ಭಯಗಳ ಬಗ್ಗೆ ಕೂತು ಕೇಳುವವರು ನಿಮಗೂ ಬೇಕು.

ಕಾಗದಪತ್ರಗಳನ್ನು ಮುಂದೂಡಬೇಡಿ. ಒಬ್ಬರೇ ಮಾಲೀಕರಾಗಿದ್ದರೆ ಅಂಗಡಿಯ ಸಾಲ ನಿಮ್ಮದೇ ಸಾಲ. ನಿಮ್ಮ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಬರೆದುಕೊಡುವ ಅಧಿಕಾರಪತ್ರ ನೀವು ಇರುವವರೆಗೆ ಮಾತ್ರ ನಡೆಯುತ್ತದೆ, ಆನಂತರಕ್ಕೆ ಉಯಿಲು ಬೇಕು. ವಕೀಲರ ಬಳಿ ಒಂದು ಮಧ್ಯಾಹ್ನ ಕೂತರೆ ಎರಡೂ ಆಗುತ್ತವೆ.

ಇನ್ನು ಹೇಳುವ ಬಗೆ. ಎಲ್ಲರನ್ನೂ ಒಟ್ಟಿಗೆ ನಿಲ್ಲಿಸಿ ಭಾಷಣ ಮಾಡಬೇಡಿ. ಸಂಜೆ ಯಂತ್ರಗಳು ನಿಂತ ಮೇಲೆ ಆ ಹಿರಿಯರನ್ನು ಕಟಿಂಗ್ ಮೇಜಿನ ಪಕ್ಕ ಕೂರಿಸಿಕೊಳ್ಳಿ. ಎಲ್ಲಿಂದ ಶುರು ಮಾಡುವುದೆಂದು ತೋಚದಿದ್ದರೆ, ಅಂದು ಆ ಕಾಲರನ್ನು ತೊಳೆದು ತಂದಿಟ್ಟಿರಲ್ಲ ಎಂದು ಕೇಳಿ.