ಟ್ಯಾಬ್ ತೆಗೆದಿಡುವ ಮೊದಲು

ಮೈಸೂರಿನಿಂದ ಮೆಲ್ಬರ್ನಿಗೆ ಬಂದು ಮೂರು ತಿಂಗಳಾಗಿದೆ, ಒಂಬತ್ತು ವರ್ಷದ ಮಗ ಮತ್ತು ನಾಲ್ಕು ವರ್ಷದ ಮಗಳು ಮನೆಗೆ ಬಂದೊಡನೆ ಟ್ಯಾಬ್ ಹಿಡಿದು ಕೂರುತ್ತಾರೆ, ಮಾತೇ ಕಡಿಮೆಯಾಗಿದೆ, ಒಮ್ಮೆಗೇ ಎಲ್ಲವನ್ನೂ ನಿಲ್ಲಿಸಿಬಿಡಲೇ ಎಂದು ಕೇಳಿದ್ದೀರಿ. ಈ ಊರಿನಲ್ಲೇ ಮಕ್ಕಳನ್ನು ಬೆಳೆಸಿದವಳಾಗಿ ಹೇಳುವುದಾದರೆ, ನಿಲ್ಲಿಸುವುದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ಆ ಹೊತ್ತಿನಲ್ಲಿ ಮಕ್ಕಳು ಯಾರೊಡನೆ ಇರಬೇಕು ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಿ.

ಮೈಸೂರಿನಲ್ಲಿ ಸಂಜೆಯ ಹೊತ್ತನ್ನು ತುಂಬಿಸುವ ಹೊಣೆ ನಿಮ್ಮೊಬ್ಬರದೇ ಆಗಿರಲಿಲ್ಲ. ಅಜ್ಜಿ, ಪಕ್ಕದ ಮನೆಯವರು, ಬೀದಿಯ ಮಕ್ಕಳು ಅದನ್ನು ತಾವಾಗಿಯೇ ತುಂಬುತ್ತಿದ್ದರು. ಇಲ್ಲಿ ಜೂನ್ ತಿಂಗಳಲ್ಲಿ ಐದು ಗಂಟೆ ದಾಟುತ್ತಲೇ ಸೂರ್ಯ ಮುಳುಗುತ್ತಾನೆ, ಬೀದಿಯಲ್ಲಿ ನರಪಿಳ್ಳೆಯೂ ಕಾಣುವುದಿಲ್ಲ, ಅಡುಗೆ, ಬಟ್ಟೆ, ನಾಳೆಯ ಊಟದ ಡಬ್ಬಿ ಎಲ್ಲವೂ ಆಗಷ್ಟೇ ಕೆಲಸದಿಂದ ಬಂದ ಇಬ್ಬರ ತಲೆಯ ಮೇಲೆಯೇ ಬೀಳುತ್ತವೆ. ಆಗ ಟ್ಯಾಬ್ ಸಂಬಳ ಕೇಳದ ಆಯಾಳಂತೆ ಮನೆ ಸೇರಿಕೊಳ್ಳುವುದರಲ್ಲಿ ಆಶ್ಚರ್ಯವೇನಿಲ್ಲ.

ಎರಡರಿಂದ ಐದು ವರ್ಷದೊಳಗಿನವರಿಗೆ ದಿನಕ್ಕೆ ಒಂದು ಗಂಟೆ, ಐದರಿಂದ ಹದಿನೇಳರವರೆಗೆ ಶಾಲೆಯ ಕೆಲಸ ಬಿಟ್ಟು ಎರಡು ಗಂಟೆ ಮೀರಬಾರದು ಎಂಬುದು ಇಲ್ಲಿನ ಸರ್ಕಾರದ ಸಲಹೆ. ಅದನ್ನು ನಾನು ಒಪ್ಪುತ್ತೇನೆ, ಆದರೆ ಅಜ್ಜಿಯೊಡನೆ ಆಡುವ ವೀಡಿಯೊ ಕರೆಯನ್ನು ಆ ಲೆಕ್ಕಕ್ಕೆ ಸೇರಿಸುವುದಿಲ್ಲ. ಚಳಿಗಾಲದಲ್ಲಿ ನಮಗೂ ಊರಿಗೂ ನಾಲ್ಕೂವರೆ ಗಂಟೆಯ ಅಂತರ. ಇಲ್ಲಿ ಸಂಜೆ ಏಳಾದಾಗ ಅಲ್ಲಿ ಮಧ್ಯಾಹ್ನ ಎರಡೂವರೆ. ಅಕ್ಟೋಬರಿನ ಮೊದಲ ಭಾನುವಾರ ಗಡಿಯಾರ ಮುಂದಕ್ಕೆ ಹೋದ ಮೇಲೆ ಅಂತರ ಐದೂವರೆಯಾಗುವುದರಿಂದ ಕರೆಯನ್ನು ಎಂಟಕ್ಕೆ ಸರಿಸಿ. ಆ ತಿಂಗಳುಗಳಲ್ಲಿ ಬೆಳಕು ಬಹಳ ಹೊತ್ತು ಇರುತ್ತದೆ, ಮಕ್ಕಳು ಪಾರ್ಕಿನಲ್ಲಿ ಆಡಿಕೊಂಡು ಬಂದೇ ಕರೆಗೆ ಕೂರಬಹುದು. "ಅಜ್ಜಿಗೆ ನಮಸ್ಕಾರ ಹೇಳು" ಎಂದು ಫೋನನ್ನು ಮುಖಕ್ಕೆ ಹಿಡಿದರೆ ಯಾವ ಮಗುವೂ ಎರಡು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ಮಾಡುವುದಕ್ಕೆ ಏನಾದರೂ ಇರಬೇಕು. ಎರಡೂ ಮನೆಗಳಲ್ಲಿ ಚೌಕಾಬಾರದ ಮನೆ ಬರೆದಿಟ್ಟು, ಅಲ್ಲಿ ಅಜ್ಜಿ ಕವಡೆ ಬಿಟ್ಟದ್ದಕ್ಕೆ ಇಲ್ಲಿಯೂ ಅವರ ಕಾಯಿ ನಡೆಸುವಂತೆ ಮಾಡಿ. ಅಜ್ಜಿ ಮೋಸ ಮಾಡುತ್ತಿದ್ದಾರೆ ಎಂಬ ಜಗಳ ಶುರುವಾದರೆ ಮಾತು ಕಡಿಮೆಯಾಗಿದೆ ಎಂಬ ನಿಮ್ಮ ಕೊರಗು ಅರ್ಧ ಕಳೆದಂತೆ, ಏಕೆಂದರೆ ಅಜ್ಜಿಯೊಡನೆ ಜಗಳವಾಡಲು ಕನ್ನಡವೇ ಬೇಕು.

ಶನಿವಾರಗಳಿಗೆ ಬಡಾವಣೆಯ ಗ್ರಂಥಾಲಯವಿದೆ, ಪುಸ್ತಕ ಉಚಿತ. ಚಿಕ್ಕ ಮಕ್ಕಳಿಗೆ ಕತೆ ಓದಿ ಹೇಳುವ ಕಾರ್ಯಕ್ರಮವೂ ಇರುತ್ತದೆ, ಅದರ ದಿನವನ್ನು ವಿಚಾರಿಸಿ.

ಹದಿನಾರು ತುಂಬದವರು ಸಾಮಾಜಿಕ ಜಾಲತಾಣಗಳಲ್ಲಿ ಖಾತೆ ಹೊಂದಬಾರದೆಂಬ ಕಾನೂನು 2025ರ ಡಿಸೆಂಬರ್ 10ರಿಂದ ಇಲ್ಲಿ ಜಾರಿಯಲ್ಲಿದೆ. ಯೂಟ್ಯೂಬ್ ಅದರಲ್ಲಿ ಸೇರಿದೆ, ವಾಟ್ಸ್‌ಆ್ಯಪ್ ಸೇರಿಲ್ಲ. ಆದರೆ ಖಾತೆಯಿಲ್ಲದೆಯೂ ಯೂಟ್ಯೂಬ್ ನೋಡಬಹುದಾದ್ದರಿಂದ, ನಿಮ್ಮ ಮನೆಯ ಕೆಲಸವನ್ನು ಸರ್ಕಾರ ಮಾಡಿಕೊಡುತ್ತದೆಂದು ನಂಬಬೇಡಿ.

ಇನ್ನು ಊಟದ ಮೇಜು. ಅಲ್ಲಿ ಯಾರ ಕೈಯಲ್ಲೂ ಫೋನಿರಬಾರದು, ಅಪ್ಪನ ಆಫೀಸಿನ ಕರೆಗೂ ವಿನಾಯಿತಿಯಿಲ್ಲ. ಮಕ್ಕಳಿಗೆ ಮಾತ್ರ ವಿಧಿಸಿದ ನಿಯಮ ನಮ್ಮ ಪರಿಚಯದ ಯಾವ ಮನೆಯಲ್ಲೂ ಒಂದು ವಾರ ಉಳಿದದ್ದನ್ನು ನಾನು ಕಂಡಿಲ್ಲ. ಡಿಸೆಂಬರ್ ರಜೆಗೆ ಅತ್ತೆ ಮಾವ ಬರುತ್ತಾರೆಂದು ಬರೆದಿದ್ದೀರಿ, ಅವರಿಗೂ ಊಟದ ಜೊತೆ ಮೊಬೈಲಿನಲ್ಲಿ ಧಾರಾವಾಹಿ ನೋಡುವ ಅಭ್ಯಾಸವಿರಬಹುದು. ಹಾಗಿದ್ದರೆ ಈ ನಿಯಮವನ್ನು ಸೊಸೆಯಾದ ನೀವು ಹೇಳುವುದಕ್ಕಿಂತ ಅವರ ಮಗನೇ ಹೇಳುವುದು ಲೇಸು, ಅದೂ ಅವರು ವಿಮಾನ ಹತ್ತುವ ಮೊದಲೇ.