ಬಾಗಿದ ಜೇಡ್ ಗಿಡಕ್ಕೆ ನೀರು ಹಾಕುವ ಮೊದಲು ಬೇರು ನೋಡಿ

ನಿಮ್ಮ ಜೇಡ್ ಗಿಡದ ಎಲೆಗಳು ಸುಕ್ಕುಗಟ್ಟಿ ಜೋತುಬಿದ್ದಿವೆ, ಬಾಯಾರಿರಬೇಕೆಂದು ಒಂದು ವಾರದಿಂದ ದಿನವೂ ನೀರು ಹಾಕುತ್ತಿದ್ದೀರಿ, ಆದರೂ ಅದು ಇನ್ನಷ್ಟು ಬಾಗುತ್ತಿದೆ, ಇನ್ನೇನು ಮಾಡಬೇಕು ಎಂದು ಕೇಳಿದ್ದೀರಿ. ಈ ಕ್ಷಣಕ್ಕೆ ಮಾಡಬೇಕಾದದ್ದು ನೀರು ನಿಲ್ಲಿಸುವುದು. ಗೊಬ್ಬರ ಹಾಕಬೇಡಿ, ಚೇತರಿಸಿಕೊಳ್ಳಲೆಂದು ಸುಡುಬಿಸಿಲಿಗೆ ಎತ್ತಿಡಲೂ ಬೇಡಿ. ಬಹುಕಾಲದಿಂದ ಮನೆಯೊಳಗೆ ಸಕ್ಯುಲೆಂಟ್‌ಗಳನ್ನು (ಜೇಡ್‌ನಂತೆ ಎಲೆ, ಕಾಂಡಗಳಲ್ಲಿ ನೀರು ಕೂಡಿಡುವ ಗಿಡಗಳನ್ನು) ಬೆಳೆಸುತ್ತ ಬಂದಿರುವ ನನ್ನ ಅನುಭವದಲ್ಲಿ, ಹೀಗೆ ಜೋತುಬಿದ್ದ ಗಿಡಗಳಲ್ಲಿ ನೀರಿಲ್ಲದೆ ಸೊರಗಿದವುಗಳಿಗಿಂತ ನೀರು ಹೆಚ್ಚಾಗಿ ಬೇರು ಕೊಳೆತವುಗಳೇ ಹೆಚ್ಚು. ನಿಮ್ಮ ವಿವರಣೆಯೂ ಅದರತ್ತಲೇ ಬೊಟ್ಟು ಮಾಡುತ್ತದೆ.

ನೀರು ಕಡಿಮೆಯಾದರೂ ಎಲೆ ಸುಕ್ಕುಗಟ್ಟುತ್ತದೆ, ಹೆಚ್ಚಾದರೂ ಸುಕ್ಕುಗಟ್ಟುತ್ತದೆ. ಎಲ್ಲರೂ ಎಡವುವುದು ಇಲ್ಲಿಯೇ. ಬೇರು ಬದುಕಿರಲು ನೀರಿನಷ್ಟೇ ಗಾಳಿಯೂ ಬೇಕು. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ದಿನಗಟ್ಟಲೆ ನೀರೇ ತುಂಬಿಕೊಂಡರೆ ಆಮ್ಲಜನಕ ಸಿಗದೆ ಬೇರಿನ ಜೀವಕೋಶಗಳು ಸಾಯುತ್ತವೆ; ಆಗ ಪಿಥಿಯಂ, ಫೈಟೊಫ್ತೊರದಂತಹ ರೋಗಾಣುಗಳು ಒಳಹೊಕ್ಕು ಉಳಿದದ್ದನ್ನೂ ಕೊಳೆಸುತ್ತವೆ. ಬೇರು ಹೋದ ಗಿಡವು ಸುತ್ತಲೂ ನೀರಿದ್ದರೂ ಅದನ್ನು ಹೀರಲಾರದು. ಹಾಗಾಗಿ ಎಲೆಯಲ್ಲಿ ಕೂಡಿಟ್ಟಿದ್ದ ನೀರನ್ನೇ ಖರ್ಚು ಮಾಡುತ್ತ ಸೊರಗುತ್ತದೆ. ಅದನ್ನು ಬಾಯಾರಿಕೆ ಎಂದುಕೊಂಡು ನಾವು ಮತ್ತೆ ನೀರು ಸುರಿಯುತ್ತೇವೆ.

ಜೇಡ್ ಗಿಡ ದಕ್ಷಿಣ ಆಫ್ರಿಕಾ ಮತ್ತು ಮೊಜಾಂಬಿಕ್‌ನ ಒಣ, ಕಲ್ಲುಬಂಡೆಯ ಇಳಿಜಾರುಗಳದ್ದು. ಅದು ಪತ್ರರಂಧ್ರಗಳನ್ನು, ಎಂದರೆ ಎಲೆಯ ಮೇಲಿನ ಸೂಕ್ಷ್ಮ ತೂತುಗಳನ್ನು, ಹೆಚ್ಚಾಗಿ ರಾತ್ರಿ ತೆರೆದು ಇಂಗಾಲದ ಡೈಆಕ್ಸೈಡ್ ಹೀರಿಕೊಂಡು, ಅದನ್ನು ಮ್ಯಾಲಿಕ್ ಆಮ್ಲದ ರೂಪದಲ್ಲಿ ಕೂಡಿಟ್ಟು, ಹಗಲು ರಂಧ್ರಗಳನ್ನು ಮುಚ್ಚಿಕೊಂಡೇ ಆಹಾರ ತಯಾರಿಸುತ್ತದೆ. ಇದರಿಂದ ಅದು ಕಳೆದುಕೊಳ್ಳುವ ನೀರು ಬಹಳ ಕಡಿಮೆ. ತೆಳುವಾದ ಎಲೆಯ ಗಿಡವೊಂದು ಎರಡು ದಿನಗಳಲ್ಲಿ ಕುಡಿದು ಮುಗಿಸುವ ನೀರು ಇದರ ಕುಂಡದಲ್ಲಿ ಬಹಳ ದಿನ ಹಾಗೆಯೇ ಉಳಿಯುವುದಕ್ಕೆ ಇದೂ ಒಂದು ಕಾರಣ.

ಈಗ ಪರೀಕ್ಷೆಗೆ ಬರೋಣ. ಕೆಳಗಿನ ಎಲೆಯೊಂದನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಮೆಲ್ಲಗೆ ಒತ್ತಿ ನೋಡಿ. ಬಾಯಾರಿದ ಎಲೆ ತೆಳುವಾಗಿ, ಮಡಿಸಿದರೆ ಮುರಿಯದೆ ಬಾಗುವಂತಿರುತ್ತದೆ, ಆದರೆ ಹಸಿರಾಗಿಯೇ ಇದ್ದು ಕೊಂಬೆಗೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ನೀರು ಹೆಚ್ಚಾದ ಎಲೆ ಹಳದಿಗೆ ತಿರುಗಿ, ಬೆಳಕಿಗೆ ಹಿಡಿದರೆ ಅರೆಪಾರದರ್ಶಕವಾಗಿ ಕಾಣುತ್ತದೆ. ಒತ್ತಿದರೆ ಪಿಚಕ್ಕೆನ್ನುತ್ತದೆ, ಮುಟ್ಟಿದರೆ ಉದುರುತ್ತದೆ. ಎಲೆಗಿಂತಲೂ ನಾನು ಹೆಚ್ಚು ನಂಬುವುದು ಕಾಂಡದ ಬುಡವನ್ನು. ಮಣ್ಣಿನ ಮಟ್ಟದಲ್ಲಿ ಕಾಂಡವನ್ನು ಉಗುರಿನಿಂದ ಒತ್ತಿದಾಗ ಗಟ್ಟಿಯಾಗಿದ್ದರೆ ಗಿಡಕ್ಕೆ ಇನ್ನೂ ಅವಕಾಶವಿದೆ. ಮೆತ್ತಗಾಗಿ ಕಪ್ಪಾಗಿದ್ದರೆ ಕೊಳೆ ಬೇರನ್ನು ದಾಟಿ ಮೇಲೇರಿದೆ ಎಂದರ್ಥ. ಮಣ್ಣಿನ ಮೇಲ್ಮೈ ಒಣಗಿದೆಯೆಂಬುದನ್ನು ಮಾತ್ರ ನೆಚ್ಚಿಕೊಳ್ಳಬೇಡಿ. ಒಂದು ಸಣ್ಣ ಮರದ ಕಡ್ಡಿಯನ್ನು ಕುಂಡದ ತಳದವರೆಗೆ ಚುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಎಳೆದು ನೋಡಿದರೆ ಒಳಗಿನ ತೇವ ತಿಳಿಯುತ್ತದೆ. ಕಡ್ಡಿಗೆ ಹುಳಿ ಅಥವಾ ಕೊಳೆತ ವಾಸನೆ ಹತ್ತಿದ್ದರೆ ತಡಮಾಡಬೇಡಿ.

ಇಷ್ಟಾದರೂ ಅನುಮಾನ ಉಳಿದಿದ್ದರೆ ಗಿಡವನ್ನು ಕುಂಡದಿಂದ ಹೊರತೆಗೆಯಿರಿ. ಕೀಳುವುದರಿಂದ ಗಿಡಕ್ಕೆ ಪೆಟ್ಟಾಗುತ್ತದೆಂದು ಹಿಂಜರಿಯುವವರು ಬಹಳ. ಆದರೆ ಸಕ್ಯುಲೆಂಟ್‌ಗಳು ಬರಿಬೇರಿನಲ್ಲಿ ಹಲವು ದಿನ ಆರಾಮವಾಗಿ ತಾಳಿಕೊಳ್ಳುತ್ತವೆ, ಕೊಳೆಯುವ ಮಣ್ಣಿನಲ್ಲಿ ತಾಳಲಾರವು. ಆರೋಗ್ಯವಂತ ಬೇರು ಬಿಳಿ ಅಥವಾ ತಿಳಿಕಂದು ಬಣ್ಣದ್ದಾಗಿ, ಎಳೆದರೆ ಬಿಗಿಯಾಗಿರುತ್ತದೆ. ಕೊಳೆತ ಬೇರನ್ನು ಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಎಳೆದರೆ ಹೊರಗಿನ ಸಿಪ್ಪೆ ಒದ್ದೆ ಕಾಲುಚೀಲದಂತೆ ಜಾರಿಬಂದು, ಒಳಗಿನ ಕೂದಲೆಳೆಯಂತಹ ತಿರುಳು ಮಾತ್ರ ಉಳಿಯುತ್ತದೆ. ಇದನ್ನು ಒಮ್ಮೆ ಕಣ್ಣಾರೆ ಕಂಡರೆ ಮತ್ತೆ ಗೊಂದಲವಾಗುವುದಿಲ್ಲ. ಬೇರಿನ ಸಂದಿಯಲ್ಲಿ ಹತ್ತಿಯಂತಹ ಬಿಳಿ ಪದಾರ್ಥ ಕಂಡರೆ ಅದು ಬೇರಿನ ರಸ ಹೀರುವ ಹಿಟ್ಟು ತಿಗಣೆ ಎಂಬ ಕೀಟ. ಮಣ್ಣನ್ನೆಲ್ಲ ತೊಳೆದು ಎಸೆದು, ಕುಂಡವನ್ನೂ ಸೋಪಿನಿಂದ ಉಜ್ಜಿ ತೊಳೆಯಬೇಕು.

ಬೇರು ಕೊಳೆತಿದ್ದರೆ ಹಳೆಯ ಮಣ್ಣನ್ನು ಪೂರ್ತಿ ಉದುರಿಸಿ, ಸ್ಪಿರಿಟ್‌ನಲ್ಲಿ ಒರೆಸಿದ ಹರಿತವಾದ ಬ್ಲೇಡಿನಿಂದ ಮೆತ್ತಗಿರುವ ಬೇರುಗಳನ್ನೆಲ್ಲ ಕತ್ತರಿಸಿ. ಕಾಂಡದವರೆಗೂ ಕೊಳೆ ಹಬ್ಬಿದ್ದರೆ ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಕತ್ತರಿಸುತ್ತ ಹೋಗಿ, ಪ್ರತಿ ಸಲವೂ ಬ್ಲೇಡನ್ನು ಒರೆಸಿಕೊಳ್ಳಿ. ಕತ್ತರಿಸಿದ ಮುಖದಲ್ಲಿ ಒಂದೇ ಒಂದು ಕಂದು ಚುಕ್ಕೆ ಉಳಿದಿದ್ದರೂ ಕೊಳೆ ಅಲ್ಲಿಂದಲೇ ಮತ್ತೆ ಮೇಲೇರಬಹುದು. ಒಳಭಾಗ ಪೂರ್ತಿಯಾಗಿ ತಿಳಿಹಸಿರಾಗಿ ಕಾಣುವವರೆಗೆ ನಿಲ್ಲಿಸಬೇಡಿ. ಮುಕ್ಕಾಲು ಗಿಡವೇ ಹೋದರೂ ಚಿಂತೆಯಿಲ್ಲ, ನಾಲ್ಕು ಅಂಗುಲದ ಆರೋಗ್ಯವಂತ ತುದಿ ಸಾಕು. ಅದರ ಕೆಳಗಿನ ಕೆಲವು ಎಲೆಗಳನ್ನು ತೆಗೆದು, ಗಾಳಿಯಾಡುವ ನೆರಳಿನಲ್ಲಿ ಐದಾರು ದಿನ ಇಟ್ಟರೆ ಗಾಯದ ಮೇಲೆ ಒಣ ಪದರ ಕಟ್ಟುತ್ತದೆ. ಆಮೇಲೆ ನೆಟ್ಟರೆ ಎರಡರಿಂದ ನಾಲ್ಕು ವಾರಗಳಲ್ಲಿ ಸಾಮಾನ್ಯವಾಗಿ ಬೇರು ಬಿಡುತ್ತದೆ. ಮನೆಯಲ್ಲಿ ಬೆಕ್ಕು, ನಾಯಿ ಇದ್ದರೆ ಕತ್ತರಿಸಿದ ತುಂಡುಗಳು ಅವುಗಳ ಬಾಯಿಗೆ ಸಿಗದಂತೆ ನೋಡಿಕೊಳ್ಳಿ. ಜೇಡ್ ಅವುಗಳಿಗೆ ವಿಷಕಾರಿ.

ಮತ್ತೆ ನೆಡುವಾಗ ಬೇರಿನ ಗಾತ್ರಕ್ಕೆ ತಕ್ಕ ಚಿಕ್ಕ ಕುಂಡವನ್ನೇ ಆರಿಸಿ. ದೊಡ್ಡ ಕುಂಡದ ಹೆಚ್ಚುವರಿ ಮಣ್ಣು ಹಿಡಿದಿಟ್ಟ ನೀರನ್ನು ಕುಡಿಯಲು ಅಲ್ಲಿ ಬೇರೇ ಇರುವುದಿಲ್ಲ. ತಳದಲ್ಲಿ ತೂತಿರಲೇಬೇಕು, ಮಣ್ಣಿನ ಕುಂಡವಾದರೆ ಇನ್ನೂ ಒಳ್ಳೆಯದು. ಮಣ್ಣಿನ ಮಿಶ್ರಣದಲ್ಲಿ ಅರ್ಧದಷ್ಟಾದರೂ ಪರ್ಲೈಟ್, ಪ್ಯೂಮಿಸ್ (ಎರಡೂ ಹಗುರವಾದ, ರಂಧ್ರಗಳಿರುವ ಕಲ್ಲಿನ ಹರಳುಗಳು) ಅಥವಾ ದಪ್ಪ ಮರಳು ಇರಲಿ. ನಯವಾದ ಮರಳು ಸಂದುಗಳನ್ನು ಮುಚ್ಚಿಬಿಡುತ್ತದೆ. ತಳದಲ್ಲಿ ಜಲ್ಲಿಕಲ್ಲಿನ ಪದರ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆಂಬ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ಸಣ್ಣ ಕಣಗಳ ಮಣ್ಣು ಪೂರ್ತಿ ನೆನೆಯುವವರೆಗೆ ನೀರು ದೊಡ್ಡ ಸಂದುಗಳ ಜಲ್ಲಿಗೆ ಇಳಿಯುವುದಿಲ್ಲ. ಆದ್ದರಿಂದ ಒದ್ದೆಯ ಮಟ್ಟ ಇನ್ನೂ ಮೇಲಕ್ಕೆ, ಬೇರಿನ ಹತ್ತಿರಕ್ಕೆ ಬರುತ್ತದೆ. ಒಣ ಮಿಶ್ರಣದಲ್ಲಿ ನೆಟ್ಟು, ಸುಮಾರು ಒಂದು ವಾರ ಬಿಟ್ಟು ಮೊದಲ ನೀರು ಕೊಡಿ.

ಒಂದು ವೇಳೆ ಬೇರು ಚೆನ್ನಾಗಿದ್ದು ಮಣ್ಣು ತಳದವರೆಗೆ ಒಣಗಿದ್ದರೆ ಕೆಲಸ ಸುಲಭ. ಪೂರ್ತಿ ಒಣಗಿದ ಮಣ್ಣು ಕೆಲವೊಮ್ಮೆ ಕುಂಡದ ಅಂಚಿನಿಂದ ಬಿಟ್ಟುಕೊಂಡು, ಹಾಕಿದ ನೀರೆಲ್ಲ ಪಕ್ಕದಿಂದ ಸುರಿದುಹೋಗುತ್ತದೆ. ಆಗ ಕುಂಡವನ್ನು ಅರ್ಧ ಗಂಟೆ ನೀರಿರುವ ಬೋಗುಣಿಯಲ್ಲಿಟ್ಟು, ಆಮೇಲೆ ಬಸಿಯಲು ಬಿಡಿ. ಕೆಲವೇ ದಿನಗಳಲ್ಲಿ ಎಲೆ ತುಂಬಿಕೊಳ್ಳುತ್ತದೆ.

ಎಲೆ ದಪ್ಪವಾಗಿಯೇ ಇದ್ದು, ಎಲೆಜೋಡಿಗಳ ನಡುವಿನ ಅಂತರ ಹೆಚ್ಚಾಗಿ, ಕಾಂಡ ಮಾತ್ರ ಕಿಟಕಿಯತ್ತ ಬಾಗಿದ್ದರೆ ಕೊರತೆಯಿರುವುದು ಬೆಳಕಿಗೆ. ಉದ್ದವಾದ ಕಾಂಡ ಮತ್ತೆ ಗಿಡ್ಡವಾಗುವುದಿಲ್ಲ. ಗೆಣ್ಣಿನ ಮೇಲೆ ಕತ್ತರಿಸಿದರೆ ಅಲ್ಲಿಂದ ಸಾಮಾನ್ಯವಾಗಿ ಎರಡು ಕವಲು ಒಡೆಯುತ್ತವೆ. ಬಿಸಿಲಿಗೆ ಎರಡು ವಾರಗಳ ಅವಧಿಯಲ್ಲಿ ನಿಧಾನವಾಗಿ ಒಗ್ಗಿಸಿ, ಇಲ್ಲವಾದರೆ ಎಲೆ ಸುಟ್ಟು ಬೀಳುವ ಕಲೆ ಮಾಯುವುದಿಲ್ಲ.

ಚೇತರಿಕೆಯನ್ನು ಹಳೆಯ ಎಲೆಗಳಲ್ಲಿ ಹುಡುಕಬೇಡಿ, ಅವುಗಳಲ್ಲಿ ಕೆಲವು ಉದುರಿಯೇ ಉದುರುತ್ತವೆ. ಕೊಂಬೆಯ ತುದಿಯನ್ನು ಗಮನಿಸಿ. ಅಲ್ಲಿ ಪುಟ್ಟದಾದ, ಗಟ್ಟಿಯಾದ ಹೊಸ ಎಲೆಜೋಡಿ ಮೂಡಿದರೆ ಬೇರು ಕೆಲಸ ಶುರುಮಾಡಿದೆ ಎಂದು ತಿಳಿಯಬಹುದು. ಅಲ್ಲಿಯವರೆಗೆ ಗೊಬ್ಬರ ಬೇಡ, ಕಡ್ಡಿ ಪೂರ್ತಿ ಒಣಗಿ ಹೊರಬಂದ ಮೇಲಷ್ಟೇ ನೀರು ಕೊಡಿ.